ಗೆರಿ ಒಂದ, ಬೌಲರ್ ಯಾರರ ಇರ್ಲಿ: ವೈಡ್ ಕೊಡುವ ಹೊಸ ಅಂಪೈರ್‌ಗಳಿಗೆ

ವೈಡ್ ಅನ್ನುವುದು ಬ್ಯಾಟರ್‌ನ ಲೆಕ್ಕ. ಚೆಂಡು ಎಸೆದವನು ವಲಯ ಮಟ್ಟದಲ್ಲಿ ಆಡಿ ಬಂದವನೋ, ನಿನ್ನೆ ಸಂಜೆ ಟೀಮಿಗೆ ಸೇರಿದವನೋ, ಅದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹುಬ್ಬಳ್ಳಿ-ಧಾರವಾಡದ ಲೋಕಲ್ ಟೂರ್ನಮೆಂಟುಗಳಿಗೆ ಅಂಪೈರಿಂಗ್ ಮಾಡಲು ಹೊಸದಾಗಿ ಬರುವ ಹುಡುಗರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ. ಎಲ್ಬಿಡಬ್ಲ್ಯೂ ಒಂದು ಪಂದ್ಯದಲ್ಲಿ ನಾಲ್ಕೈದು ಸಲ ಕೇಳಿಬರುತ್ತದೆ. ವೈಡ್ ಹೌದೋ ಅಲ್ಲವೋ ಅನ್ನುವುದನ್ನು ಪ್ರತಿ ಚೆಂಡಿಗೂ ತೀರ್ಮಾನಿಸಬೇಕು. ಕೈ ಎತ್ತದೆ ಸುಮ್ಮನೆ ನಿಂತರೆ ಅದೂ ತೀರ್ಮಾನವೇ.

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದವನು. ರವಿವಾರ ಬಂತೆಂದರೆ ಕಪ್ಪು ಪ್ಯಾಂಟು, ಬಿಳಿ ಅಂಗಿ ಹಾಕಿಕೊಂಡು ಮೈದಾನಕ್ಕೆ ಹೊರಡುತ್ತೇನೆ. ವರ್ಕ್‌ಶಾಪಿನಲ್ಲಿ ನಮ್ಮ ಕೈಯಲ್ಲೊಂದು ಗೇಜ್ ಇರುತ್ತದೆ. ಕಡೆದ ತುಣುಕು ಅದರೊಳಗೆ ಹೋದರೆ ಪಾಸು, ಹೋಗದಿದ್ದರೆ ಇಲ್ಲ. ಹಳೆ ಮೇಸ್ತ್ರಿ ಕಡೆದದ್ದೋ, ಅಪ್ರೆಂಟಿಸ್ ಹುಡುಗ ಕಡೆದದ್ದೋ ಎಂದು ಗೇಜ್ ಕೇಳುವುದಿಲ್ಲ. ಅಂಪೈರ್‌ನ ಕಣ್ಣು ಹಾಗಾಗಬೇಕು. ಹೇಗೆ ಆಗಿಸಿಕೊಳ್ಳುವುದು ಎನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಿಯಮ ಏನು ಹೇಳುತ್ತದೆ ಎಂಬುದು ಗಟ್ಟಿಯಾಗಿ ತಲೆಯಲ್ಲಿ ಕೂರಬೇಕು. ಕ್ರಿಕೆಟ್ ನಿಯಮಗಳನ್ನು ಬರೆಯುವುದು ಲಂಡನ್ನಿನ ಎಂಸಿಸಿ ಕ್ಲಬ್ಬು; ಅದರಲ್ಲಿ ವೈಡ್ 22ನೇ ನಿಯಮ. ಬ್ಯಾಟರ್ ಮಾಮೂಲಿ ಹೊಡೆತದಿಂದ ಬ್ಯಾಟಿಗೆ ತಾಗಿಸಬಹುದಾದಷ್ಟು ಹತ್ತಿರದಲ್ಲಿ ಚೆಂಡು ಹೋಗದಿದ್ದರೆ ಅದು ವೈಡ್. ಅವನು ನಿಂತ ಜಾಗದಿಂದಲೂ ದೂರ ಹೋಗಿರಬೇಕು, ಮಾಮೂಲಿ ಗಾರ್ಡ್ ತೆಗೆದುಕೊಂಡು ನಿಂತಿದ್ದರೂ ದೂರವೇ ಆಗುವಂತಿರಬೇಕು. 2022ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿತು: ಬೌಲರ್ ಓಡಲು ಶುರುಮಾಡಿದಾಗಿನಿಂದ ಬ್ಯಾಟರ್ ಎಲ್ಲೆಲ್ಲಿ ನಿಂತಿದ್ದನೋ ಅದೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೆಗ್ ಕಡೆಗೆ ಒಂದು ಗಜ ಜಿಗಿದು, ಆಮೇಲೆ ಆಫ್ ಸ್ಟಂಪಿನ ಮೇಲಿನ ಚೆಂಡಿಗೆ ವೈಡ್ ಕೇಳುವಂತಿಲ್ಲ. ತಾನೇ ಸರಿದು ಚೆಂಡನ್ನು ದೂರ ಮಾಡಿಕೊಂಡರೂ ವೈಡ್ ಇಲ್ಲ, ಸರಿದು ಹತ್ತಿರ ತಂದುಕೊಂಡರೂ ಇಲ್ಲ.

ಈ ನಿಯಮವನ್ನು ಒಂದು ಸಲ ಪೂರ್ತಿ ಓದಿ ನೋಡಿ. ಬ್ಯಾಟರ್ ನಿಂತದ್ದು, ಸರಿದದ್ದು, ಅವನ ಕೈಗೆಟುಕುವ ದೂರ, ಎಲ್ಲವೂ ಬ್ಯಾಟರ್‌ದೇ. ಬೌಲರ್‌ನ ಯೋಗ್ಯತೆಯ ಬಗ್ಗೆ ಒಂದಕ್ಷರವಿಲ್ಲ.

ಅಂಪೈರ್‌ನ ಗೆರೆ ಆಳು ನೋಡಿ ಜರುಗುತ್ತದೆ ಎನ್ನುವ ತಕರಾರು ಬೇಸ್‌ಬಾಲ್‌ನಲ್ಲಿಯೂ ಇದೆ. ಅಲ್ಲಿನ ಸ್ಟ್ರೈಕ್ ಝೋನ್, ಅಂದರೆ ಸರಿಯಾದ ಚೆಂಡು ಹಾಯಬೇಕಾದ ಜಾಗ, ಅಗಲಕ್ಕೆ ಬ್ಯಾಟರ್ ಪಕ್ಕ ನೆಲದಲ್ಲಿರುವ 17 ಇಂಚಿನ ಹೋಮ್ ಪ್ಲೇಟಿನಷ್ಟು, ಎತ್ತರಕ್ಕೆ ಬ್ಯಾಟರ್‌ನ ಮೊಣಕಾಲಿನಿಂದ ಎದೆಯ ಹತ್ತಿರದವರೆಗೆ. ಅಂದರೆ ಕುಳ್ಳನಿಗೆ ಒಂದು, ಉದ್ದನೆಯವನಿಗೆ ಒಂದು. ಪಿಚರ್‌ಗೆ, ಅಂದರೆ ಅಲ್ಲಿನ ಬೌಲರ್‌ಗೆ, ತಕ್ಕಂತೆ ಬದಲಾಗುವುದಿಲ್ಲ. ಆದರೂ ಅಲ್ಲಿ ಪ್ರತಿ ಚೆಂಡಿನ ದಾಖಲೆ ತೆಗೆದು ನೋಡಿದವರಿಗೆ ಒಂದು ವಿಷಯ ಎದ್ದು ಕಂಡಿತು. ಪಿಚರ್ ಸಾಲಾಗಿ ಮೂರು ಚೆಂಡು ಹೊರಗೆ ಎಸೆದು ಕಷ್ಟದಲ್ಲಿದ್ದಾಗ ಅಂಪೈರ್‌ನ ಝೋನ್ ಗೊತ್ತಿಲ್ಲದಂತೆ ಹಿಗ್ಗುತ್ತದೆ. ಬ್ಯಾಟರ್ ಎರಡು ಸ್ಟ್ರೈಕ್ ತಿಂದು, ಮೂರನೆಯದಕ್ಕೆ ಔಟಾಗುವ ಕಷ್ಟದಲ್ಲಿದ್ದಾಗ ಕುಗ್ಗುತ್ತದೆ. ಯಾರು ಬೀಳುವ ಹಾಗಿದ್ದಾರೋ ಅವರ ಕಡೆ ಮನಸ್ಸು ವಾಲುವುದು ಮನುಷ್ಯನ ಗುಣ. ನಮ್ಮಲ್ಲೂ ಹಾಗೇ. ಮೂರು ವೈಡ್ ಕೊಟ್ಟ ಮೇಲೆ ನಾಲ್ಕನೆಯದಕ್ಕೆ ಕೈ ಭಾರವಾಗುತ್ತದೆ. ಅದು ದಯೆ ಅನ್ನಿಸುತ್ತದೆ, ಆದರೆ ಆ ಒಂದು ರನ್ ಹೋಗುವುದು ಬ್ಯಾಟಿಂಗ್ ಟೀಮಿನ ಗಂಟಿನಿಂದ.

ಟಾಸ್‌ಗಿಂತ ಮೊದಲು

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಅಳತೆ ಟೇಪು ಜೇಬಿನಲ್ಲಿರಲಿ. ರಿಟರ್ನ್ ಕ್ರೀಸ್, ಅಂದರೆ ಸ್ಟಂಪಿನ ಎರಡೂ ಪಕ್ಕದ ಉದ್ದಗೆರೆ, ಮಿಡ್ಲ್ ಸ್ಟಂಪಿನಿಂದ 4 ಅಡಿ 4 ಇಂಚು. ಅಂತರರಾಷ್ಟ್ರೀಯ ಒಂದು ದಿನದ ಪಂದ್ಯ ಮತ್ತು ಟಿ20ಗಳಲ್ಲಿ ಆಫ್ ಕಡೆಯ ವೈಡ್ ಗೆರೆ ಅದರಿಂದ 17 ಇಂಚು ಒಳಗೆ, ಅಂದರೆ ಮಿಡ್ಲ್ ಸ್ಟಂಪಿನಿಂದ 35 ಇಂಚು, 89 ಸೆಂಟಿಮೀಟರ್. ಎರಡೂ ತುದಿಯಲ್ಲಿ, ಸ್ಟಂಪಿನ ಎರಡೂ ಪಕ್ಕಕ್ಕೆ ನೀವೇ ಅಳೆದು ಗೆರೆ ಹಾಕಿ. ಎಡಗೈ ಬ್ಯಾಟರ್ ಬಂದಾಗ ಕಣ್ಣಂದಾಜು ಮಾಡುತ್ತ ನಿಲ್ಲುವ ಹಾಗಾಗಬಾರದು.

ನಮ್ಮ ಕಡೆ ಮ್ಯಾಟಿಂಗ್ ವಿಕೆಟ್ ಇನ್ನೂ ಬಹಳ. ಮ್ಯಾಟಿನ ಅಂಚನ್ನೇ ವೈಡ್ ಗೆರೆ ಎಂದು ಇಟ್ಟುಕೊಳ್ಳುವ ರೂಢಿ ಇದೆ. ಮ್ಯಾಟು ಆರಡಿ ಅಗಲದ್ದಾಗಿ, ನಟ್ಟನಡುವೆ ಹಾಸಿದ್ದರೆ ಅಂಚು 36 ಇಂಚಿಗೆ ಬರುತ್ತದೆ, ಸರಿಹೋಗುತ್ತದೆ. ಆದರೆ ನಟ್ಟನಡುವೆ ಹಾಸಿರುತ್ತಾರೆಯೇ? ಎರೆಮಣ್ಣು ಬ್ಯಾಸಗಿಗೆ ಬಿರುಕು ಬಿಟ್ಟಾಗ ಮೊಳೆ ಸಡಿಲಾಗುತ್ತದೆ, ಮ್ಯಾಟು ಒಂದು ಬದಿಗೆ ಜರುಗುತ್ತದೆ. ಒಂದು ತುದಿಯಲ್ಲಿ ಅಂಚು 33 ಇಂಚಿಗೆ, ಇನ್ನೊಂದು ತುದಿಯಲ್ಲಿ 39ಕ್ಕೆ ಬಂದು ನಿಂತರೆ, ಪಾಪದ ಬೌಲರ್ ಯಾವ ತುದಿಯಿಂದ ಹಾಕುತ್ತಾನೆ ಎನ್ನುವುದರ ಮೇಲೆ ಅವನ ಓವರಿನ ಹಣೆಬರಹ ನಿಂತ ಹಾಗಾಯಿತು. ಅಂಚನ್ನು ಮರೆತುಬಿಡಿ. ಸ್ಟಂಪಿನಿಂದಲೇ ಅಳೆಯಿರಿ, ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ದಪ್ಪಗೆ ಗೆರೆ ಎಳೆಯಿರಿ, ಡ್ರಿಂಕ್ಸ್ ವೇಳೆಗೆ ಮತ್ತೊಮ್ಮೆ ತಿದ್ದಿ.

ಆಮೇಲೆ ಇಬ್ಬರೂ ಕ್ಯಾಪ್ಟನ್‌ಗಳನ್ನು ಕರೆದು ಗೆರೆಯ ಹತ್ತಿರವೇ ನಿಲ್ಲಿಸಿಕೊಂಡು ಮಾತಾಡಿ. ಲೆಗ್ ಕಡೆ ಏನು ಲೆಕ್ಕ? ಪ್ಯಾಡಿನ ಹಿಂದಿನಿಂದ, ಲೆಗ್ ಸ್ಟಂಪಿನ ಹೊರಗೆ ಹೋದದ್ದೆಲ್ಲ ವೈಡ್ ಎಂದು ಹೆಚ್ಚಿನ ಸೀಮಿತ ಓವರ್ ಟೂರ್ನಮೆಂಟುಗಳಲ್ಲಿ ಹಿಡಿಯುತ್ತಾರೆ. ಹಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ತಲೆ ಮೇಲೆ ಪುಟಿದು ಹೋದ ಚೆಂಡು? ಎಂಸಿಸಿ ನಿಯಮದ ಪ್ರಕಾರ ಅದು ನೋಬಾಲ್, ಟಿವಿಯಲ್ಲಿ ನೋಡುವ ಒಂದು ದಿನದ ಪಂದ್ಯಗಳಲ್ಲಿ ವೈಡ್. ಟೆನಿಸ್ ಬಾಲಿನಲ್ಲಿ ಇದು ಓವರಿಗೊಂದು ಸಲ ಆಗುವ ಮಾತು. ಯಾವುದು ಇಲ್ಲಿ ನಡೆಯುತ್ತದೆ ಎಂದು ಆಗಲೇ ಗೊತ್ತಾಗಬೇಕು.

ಸಣ್ಣ ಹುಡುಗರ ಪಂದ್ಯವಿದ್ದರೆ ಕರುಣೆಗೆ ಜಾಗ ಇದೇ, ಇಲ್ಲಿ ಮಾತ್ರ. ಹನ್ನೆರಡು ವರ್ಷದವನ ಕೈ 35 ಇಂಚಿನವರೆಗೆ ಎಟುಕುವುದಿಲ್ಲ. ಎರಡೂ ಟೀಮಿನ ಗಿಡ್ಡ ಹುಡುಗನೊಬ್ಬನನ್ನು ಕ್ರೀಸಿನಲ್ಲಿ ನಿಲ್ಲಿಸಿ, ಬ್ಯಾಟು ಚಾಚಿಸಿ, ಎಲ್ಲಿಯವರೆಗೆ ನೆಟ್ಟಗೆ ಹೊಡೆಯಬಲ್ಲ ಎಂದು ನೋಡಿ ಗೆರೆಯನ್ನು ಒಳಗೆ ತರಬಹುದು. ಹಾಗೆ ತಂದರೆ ಬೌಲಿಂಗ್ ಮಾಡುವ ಹುಡುಗರಿಗೆ ಕಷ್ಟ, ಓವರ್ ಮುಗಿಯುವುದೇ ಇಲ್ಲ. ಅದಕ್ಕೆ ಸಂಘಟಕರು ಒಂದು ಓವರಿಗೆ ಇಂತಿಷ್ಟೇ ಚೆಂಡು ಎಂದು ಮೊದಲೇ ಬರೆದಿಡಲಿ. ಎರಡೂ ಕಡೆಯವರು ಒಪ್ಪಿದ ಮೇಲೆ ಅದು ನ್ಯಾಯ. ಹನ್ನೊಂದನೇ ಓವರಿನಲ್ಲಿ, ಅಳುಮುಖದ ಹುಡುಗನನ್ನು ನೋಡಿ ಅಂಪೈರ್ ಒಬ್ಬನೇ ಮನಸ್ಸಿನಲ್ಲಿ ಮಾಡಿಕೊಂಡರೆ ನ್ಯಾಯವಲ್ಲ.

ಎರಡು ಓವರ್, ಒಂದೇ ಗೆರೆ

ಅಣ್ಣಿಗೇರಿ ಕಡೆಯ ಒಂದು ಪಂದ್ಯವನ್ನು ಹತ್ತಿರದಿಂದ ಹೇಳುತ್ತೇನೆ. ಲೆದರ್ ಬಾಲು, ಮಧ್ಯಾಹ್ನದ ಗಾಳಿ. ನನ್ನ ತುದಿಯಿಂದ ಹಾಕುತ್ತಿದ್ದವನು ಸುತ್ತಮುತ್ತ ಹೆಸರು ಮಾಡಿದ ವೇಗಿ. ನಾಲ್ಕನೇ ಚೆಂಡು ಆಫ್ ಕಡೆ ಬಿದ್ದು ಚೆಂದಾಗಿ ಹೊರಗೆ ತಿರುಗಿತು. ಬ್ಯಾಟರ್ ಕಾಲು ಕದಲಿಸದೆ ನಿಂತಲ್ಲೇ ಬೀಸಿದ, ತಾಗಲಿಲ್ಲ. ಕೀಪರ್ ಅರ್ಧ ಹೆಜ್ಜೆ ಸರಿದು ಎದೆಯ ಮಟ್ಟದಲ್ಲಿ ಸದ್ದಿಲ್ಲದೆ ಹಿಡಿದ. ಸ್ಲಿಪ್ಪಿನಲ್ಲಿದ್ದವನು "ಭಾರಿ ಬಾಲ್!" ಅಂದ, ಬೌಲರ್ ತಲೆ ಮೇಲೆ ಕೈ ಇಟ್ಟುಕೊಂಡ. ನೋಡುವವರಿಗೆಲ್ಲ ಅದು ಒಳ್ಳೆಯ ಚೆಂಡು. ಕ್ರೀಸ್ ದಾಟುವಾಗ ಮಾತ್ರ ಗೆರೆಯಿಂದ ನಾಲ್ಕು ಬೆರಳು ಹೊರಗಿತ್ತು. ಎರಡೂ ಕೈ ಚಾಚಿದೆ.

"ಬ್ಯಾಟ್ ಬೀಸ್ಯಾನಲ್ರೀ ಸರ್!"

"ಬೀಸ್ಯಾನ, ಖರೆ. ತಾಗಿಲ್ಲ. ಗೆರಿ ಹೊರಗ ಹೋಗೇತಿ."

ಬೀಸಿದ ಮಾತ್ರಕ್ಕೆ ವೈಡ್ ರದ್ದಾಗುವುದಿಲ್ಲ. ಬ್ಯಾಟಿಗೋ ಮೈಗೋ ತಾಗಿದರೆ ಕೊಟ್ಟ ವೈಡನ್ನು ಹಿಂತೆಗೆದುಕೊಳ್ಳಬೇಕು.

ಅದೇ ತುದಿಯಿಂದ ಮುಂದಿನ ಓವರ್ ಹಾಕಲು ಕಾಲೇಜಿನ ಹುಡುಗನೊಬ್ಬ ಬಂದ. ಮೊದಲ ಎರಡು ಚೆಂಡು ಲೆಗ್ ಕಡೆ, ಎರಡೂ ವೈಡ್. ಮೂರನೆಯದು ಆಫ್ ಕಡೆ ಬಂತು. ಕೀಪರ್ ತಡವಾಗಿ ಬಲಕ್ಕೆ ಹಾರಿ, ಉರುಳಿ ಹಿಡಿದ. ಬ್ಯಾಟರ್ ಬಿಟ್ಟುಬಿಟ್ಟು, ತಾನೇ ಎರಡೂ ಕೈ ಅಗಲಿಸಿ ನನ್ನನ್ನು ನೋಡಿದ. ಸ್ಕೋರರ್ ಪೆನ್ನು ಎತ್ತಿಕೊಂಡು ಕೂತಿದ್ದ. ಚೆಂಡು ಗೆರೆಯ ಒಳಗೇ ಹೋಗಿತ್ತು. ನಾನು ಕೈ ಎತ್ತಲಿಲ್ಲ. "ಒಳಗೈತಿ" ಅಂದೆ, ಅಷ್ಟೇ. ಆಮೇಲಿನ ಚೆಂಡು ಗೆರೆಯಿಂದ ಒಂದು ಗೇಣು ಹೊರಗೆ. ಮತ್ತೆ ವೈಡ್. ಆಗ ಮಿಡ್‌ಆಫ್‌ನಿಂದ ಕ್ಯಾಪ್ಟನ್ ಓಡಿ ಬಂದ.

"ಸರ್, ಹುಡುಗ ಹೊಸಬ ಅದಾನ್ರೀ. ಸ್ವಲ್ಪ ನೋಡಿ ಕೊಡ್ರಿ."

"ನೋಡೇ ಕೊಡಾಕತ್ತೇನಿ ತಮ್ಮಾ. ಈಗಷ್ಟ ಒಂದು ಕೊಟ್ಟಿಲ್ಲ, ಅದನ್ನೂ ನೋಡೇ ಕೊಟ್ಟಿಲ್ಲ."

ಈ ಎರಡು ಓವರಿನಲ್ಲಿ ಕಲಿಯಬೇಕಾದದ್ದು ಬೌಲರ್‌ಗಿಂತ ಕೀಪರ್‌ನ ಬಗ್ಗೆ. ಒಳ್ಳೆಯ ಬೌಲರ್‌ಗೆ ಸಾಮಾನ್ಯವಾಗಿ ಒಳ್ಳೆಯ ಕೀಪರ್ ಸಿಕ್ಕಿರುತ್ತಾನೆ. ಚೆಂಡು ಎಲ್ಲಿಗೆ ಬರುತ್ತದೆ ಎಂದು ಅವನಿಗೆ ಮೊದಲೇ ಗೊತ್ತು, ಮೆತ್ತಗೆ ಸರಿದು ಹಿಡಿಯುತ್ತಾನೆ, ದೂರದ್ದೂ ಹತ್ತಿರ ಕಾಣುತ್ತದೆ. ಹೊಸ ಬೌಲರ್‌ಗೆ ಕೀಪರ್ ಅಂದಾಜು ಸಿಗದೆ ಹಾರುತ್ತಾನೆ, ಹತ್ತಿರದ್ದೂ ದೂರ ಕಾಣುತ್ತದೆ. ಕೀಪರ್‌ನ ಗ್ಲೌಸ್ ನೋಡಿ ವೈಡ್ ಕೊಡುವವನು ಗೊತ್ತಿಲ್ಲದೆಯೇ ಹೆಸರಾದವನಿಗೆ ಒಂದು ಗೆರೆ, ಹೊಸಬನಿಗೆ ಒಂದು ಗೆರೆ ಇಟ್ಟುಕೊಂಡಿರುತ್ತಾನೆ. ಚೆಂಡು ಬ್ಯಾಟರ್‌ನನ್ನು ದಾಟುವ ಆ ಒಂದು ಕ್ಷಣದ ಚಿತ್ರ ಕಣ್ಣಿನಲ್ಲಿ ಹಿಡಿಯಿರಿ. ಅದರಾಚೆ ಚೆಂಡು ಎಷ್ಟು ತಿರುಗಿತು, ಕೀಪರ್ ಎಲ್ಲಿ ಬಿದ್ದ ಎನ್ನುವುದಕ್ಕೆ ಬೆಲೆ ಇಲ್ಲ. ಕೆಟ್ಟ ಮ್ಯಾಟಿನಲ್ಲಿ ಲೆಗ್ ಸ್ಪಿನ್ನರ್ ಹಾಕಿದಾಗ ಇದನ್ನು ನೆನಪಿಟ್ಟುಕೊಳ್ಳಿ. ಬ್ಯಾಟರ್ ಹತ್ತಿರ ಒಳಗಿದ್ದ ಚೆಂಡು ಫಸ್ಟ್ ಸ್ಲಿಪ್ಪಿನ ಕೈಗೆ ಹೋಗಿರುತ್ತದೆ, ಇಡೀ ಮೈದಾನ ವೈಡ್ ಎಂದು ಕೂಗುತ್ತದೆ.

ನಿಲ್ಲುವ ಜಾಗದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೂರು ಸ್ಟಂಪಿನ ನೇರಕ್ಕೆ, ಮಿಡ್ಲ್ ಸ್ಟಂಪು ಆ ಕಡೆಯ ಮಿಡ್ಲ್ ಸ್ಟಂಪನ್ನು ಮುಚ್ಚುವಂತೆ ನಿಲ್ಲಿ. ಬೌಲರ್ ಕೇಳಿದರೆ ಹಿಂದೆ ಅಥವಾ ಮುಂದೆ ಸರಿಯಿರಿ, ಪಕ್ಕಕ್ಕೆ ಸರಿಯಬೇಡಿ. ಹೆಸರಾದವನು "ಸರ್, ಸ್ವಲ್ಪ ಆಕಡೆ" ಅಂದಾಗ ಅರ್ಧ ಅಡಿ ಸರಿದು ನಿಂತು, ಹೊಸಬ ಬಂದಾಗ ಮತ್ತೆ ನಡುವೆ ಬಂದರೆ, ಇಬ್ಬರಿಗೂ ಬೇರೆ ಬೇರೆ ಕೋನದಿಂದ ನೋಡಿದಂತಾಗುತ್ತದೆ.

ಎಡಗೈ ಸ್ಪಿನ್ನರ್‌ಗಳು ನಮ್ಮ ಸೀಮೆಗೆ ಪ್ರೀತಿಯವರು. ಗದಗಿನಿಂದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಬಂದು ಹೋಗುತ್ತಿದ್ದ ಸುನೀಲ ಜೋಶಿಯವರು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರಿನಲ್ಲಿ 6 ಮೇಡನ್ ಹಾಕಿ, 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ವೈಡ್ ಕೂಡ ಬೌಲರ್‌ನ ರನ್ನಿಗೇ ಸೇರುವ ಆಟದಲ್ಲಿ ಆ ಅಂಕಿ ಬಂದದ್ದು ಗೆರೆಯೊಳಗೆ ಹಾಕಿದ್ದಕ್ಕೆ. ನಿಜವಾಗಿ ಒಳ್ಳೆಯ ಬೌಲರ್‌ಗೆ ಅಂಪೈರ್‌ನ ಸಹಾಯ ಬೇಕಾಗಿಲ್ಲ. ಎರಡು ಇಂಚು ಬಿಟ್ಟುಕೊಡುವುದು ಅವನಿಗೆ ತೋರುವ ಗೌರವವೂ ಅಲ್ಲ. ಆ ಎರಡು ಇಂಚನ್ನು ಕಂಡುಕೊಂಡ ಜಾಣ ಬೌಲರ್ ಮುಂದಿನ ಚೆಂಡನ್ನು ಇನ್ನೂ ಒಂದು ಇಂಚು ಆಚೆ ಹಾಕುತ್ತಾನೆ. ತಪ್ಪು ಅವನದಲ್ಲ, ಗೆರೆ ಎಲ್ಲಿದೆ ಎಂದು ಹುಡುಕುವುದು ಅವನ ಕಸುಬು. ಅದಕ್ಕೇ ಮೊದಲ ಓವರಿನ ಮೊದಲ ವೈಡ್ ಬಹಳ ಮುಖ್ಯ. ಅಲ್ಲಿ ಕೊಟ್ಟರೆ ಇಪ್ಪತ್ತು ಓವರ್ ಸುಸೂತ್ರ. ಅಲ್ಲಿ ಬಿಟ್ಟು ಹದಿನೆಂಟನೇ ಓವರಿನಲ್ಲಿ ಕೊಟ್ಟರೆ ಜಗಳ, ಮತ್ತು ಆ ಜಗಳದಲ್ಲಿ ನ್ಯಾಯ ಅವರ ಕಡೆಗೇ ಇರುತ್ತದೆ.

ದನಿ, ಕೈ, ಮುಖ

ಗೆರೆ ಒಂದೇ ಇದ್ದರೂ ಹೇಳುವ ರೀತಿ ಎರಡಾದರೆ ಆಟಗಾರರಿಗೆ ಗೆರೆಯೇ ಎರಡು ಅನ್ನಿಸುತ್ತದೆ. ಚೆಂಡು ದಾಟಿದ ಕೂಡಲೇ "ವೈಡ್ ಬಾಲ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಎರಡೂ ಕೈ ಭುಜದ ಮಟ್ಟಕ್ಕೆ ಅಡ್ಡ ಚಾಚಿ. ಚೆಂಡು ಡೆಡ್ ಆದ ಮೇಲೆ ಸ್ಕೋರರ್ ಕಡೆ ತಿರುಗಿ ಇನ್ನೊಮ್ಮೆ ತೋರಿಸಿ, ಅವರು ಕೈ ಎತ್ತುವವರೆಗೆ ಮುಂದಿನ ಚೆಂಡು ಬಿಡಬೇಡಿ. ಮಧ್ಯೆ ಸ್ಟಂಪಿಂಗ್ ಅಥವಾ ರನೌಟ್ ಆಗಬಹುದು, ವೈಡಿನಲ್ಲೂ ಅವು ಔಟೇ, ಹಿಟ್ ವಿಕೆಟ್ ಕೂಡ. ವೈಡ್ ಎಂದು ಹೇಳಿ ಮೈಮರೆಯಬೇಡಿ.

ಹೊಸ ಹುಡುಗನಿಗೆ ನಾಲ್ಕನೇ ವೈಡ್ ಕೊಡುವಾಗ ನಿಟ್ಟುಸಿರು ಬೇಡ, ತಲೆ ಅಲ್ಲಾಡಿಸುವುದು ಬೇಡ, ಕೈ ಅರ್ಧ ಚಾಚುವುದು ಬೇಡ. ಮೊದಲನೆಯದಕ್ಕೆ ಹೇಗೋ ನಾಲ್ಕನೆಯದಕ್ಕೂ ಹಾಗೆ. ಅವನಿಗೆ ಸಹಾಯ ಮಾಡುವ ದಾರಿ ಬೇರೆ ಇವೆ. ಅವನ ಕ್ಯಾಪ್ಟನ್ ಬಂದು ಎರಡು ಮಾತಾಡಿ ಧೈರ್ಯ ಹೇಳಲು ಒಂದು ನಿಮಿಷ ಕೊಡಿ, ಅವಸರ ಮಾಡಬೇಡಿ. ಚೆಂಡು ಒದ್ದೆಯಾಗಿದ್ದರೆ ಒರೆಸಿಕೊಳ್ಳಲು ಬಿಡಿ. ಇನ್ನೆಷ್ಟು ಚೆಂಡು ಎಂದು ಕೇಳಿದರೆ ಸರಿಯಾಗಿ ಹೇಳಿ. ವೈಡಿನ ಗದ್ದಲದಲ್ಲಿ ಎಣಿಕೆ ತಪ್ಪಿ ಏಳನೇ ಚೆಂಡು ಹಾಕಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ. ಕೌಂಟರ್ ಇಲ್ಲದಿದ್ದರೆ ಆರು ನಾಣ್ಯ ಸಾಕು, ವೈಡಿಗೆ ನಾಣ್ಯ ಕೈ ಬದಲಾಗಬಾರದು. ಬೌಲಿಂಗ್ ಹೇಗೆ ಮಾಡಬೇಕೆಂದು ಮಾತ್ರ ಹೇಳಿಕೊಡಬೇಡಿ, ಅದು ನಿಮ್ಮ ಕೆಲಸವಲ್ಲ.

ಕ್ಯಾಪ್ಟನ್ ಕೇಳಿದರೆ ಒಮ್ಮೆ ಉತ್ತರಿಸಿ: ಎಷ್ಟು ಹೊರಗೆ, ಯಾವ ಕಡೆ. "ಹಿಂದಿನ ಓವರಿನ್ಯಾಗ ಕೊಟ್ಟಿಲ್ಲಲ್ರೀ" ಎಂದು ಹಳೆಯದನ್ನು ಎಳೆದು ತಂದರೆ ಚರ್ಚೆಗೆ ಇಳಿಯಬೇಡಿ. ಮುಗಿದ ಚೆಂಡು ಮುಗಿಯಿತು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಅವರ ತುದಿಯಲ್ಲಿ ಅಂಪೈರ್ ಆಗಿ ನಿಂತಿದ್ದವರು ನಮ್ಮ ಕರ್ನಾಟಕದ ಎ.ವಿ. ಜಯಪ್ರಕಾಶ್. ಏಳು, ಎಂಟು, ಒಂಬತ್ತು ಎಂದು ಇಡೀ ಸ್ಟೇಡಿಯಂ ಎಣಿಸುತ್ತಿರುವಾಗ ಎದುರಿಗಿರುವ ಒಂದೇ ಚೆಂಡನ್ನು ನೋಡುವುದು ಎಂಥ ಕೆಲಸ ಎಂದು ಆ ತುದಿಯಲ್ಲಿ ನಿಲ್ಲುವವರಿಗೇ ಗೊತ್ತು. ನಮ್ಮ ಮೈದಾನದಲ್ಲಿ ಎಣಿಸುವವರು ಐವತ್ತು ಜನ, ಕೆಲಸ ಅದೇ.

ಕಣ್ಣನ್ನು ಪಳಗಿಸುವುದು

ಪಂದ್ಯದಲ್ಲಿ ಕಲಿಯಲು ಹೋಗಬೇಡಿ, ನೆಟ್ಸ್‌ಗೆ ಹೋಗಿ. ಯಾವುದಾದರೂ ಕ್ಲಬ್ಬಿನ ಕೋಚ್‌ಗೆ ಕೇಳಿದರೆ ಸಂತೋಷದಿಂದ ಒಪ್ಪುತ್ತಾರೆ. ಬೌಲರ್‌ಗಳ ತುದಿಯಲ್ಲಿ ಸ್ಟಂಪಿನ ಹಿಂದೆ ನಿಂತು, ಬ್ಯಾಟರ್ ಕಡೆ ಗೆರೆ ಎಳೆದು, ಪ್ರತಿ ಚೆಂಡಿಗೂ ಮನಸ್ಸಿನಲ್ಲೇ ವೈಡ್ ಹೌದು, ಅಲ್ಲ ಎನ್ನುತ್ತ ಹೋಗಿ. ಮೊಬೈಲನ್ನು ಸ್ಟಂಪಿನ ನೇರಕ್ಕೆ ಇಟ್ಟು ರೆಕಾರ್ಡ್ ಮಾಡಿ. ನೆಟ್ಸ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಹಾಕುತ್ತಾರೆ: ಜೋರಾಗಿ ಹಾಕುವವನು, ಅವನ ಹಿಂದೆ ಮೊನ್ನೆ ಸೇರಿದ ಹುಡುಗಿ, ಅವಳ ಹಿಂದೆ ಎಡಗೈ ಸ್ಪಿನ್ನರ್. ಗೆರೆ ಹಿಡಿದಿಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಯಾಕೆಂದರೆ ಬೌಲರ್‌ಗೆ ತಕ್ಕಂತೆ ಕಣ್ಣು ಹೊಂದಿಸಿಕೊಳ್ಳಲು ಅಲ್ಲಿ ಸಮಯವೇ ಸಿಗುವುದಿಲ್ಲ.

ಜೇಬಿನಲ್ಲೊಂದು ಚಿಕ್ಕ ನೋಟ್‌ಬುಕ್ ಇಡಿ. ಪಂದ್ಯದಲ್ಲಿ ಗೆರೆಯ ಹತ್ತಿರ ಬಂದ ಚೆಂಡುಗಳನ್ನಷ್ಟೇ ಓವರ್ ಮುಗಿದ ಮೇಲೆ ಬರೆಯಿರಿ: ಯಾವ ಓವರ್, ಎಷ್ಟನೇ ಚೆಂಡು, ಆಫೋ ಲೆಗ್ಗೋ, ಕೊಟ್ಟಿರೋ ಇಲ್ಲವೋ. ಬೌಲರ್ ಹೆಸರು ಬರೆಯಬೇಡಿ. ಮನೆಗೆ ಬಂದು ಚಹಾ ಕುಡಿಯುತ್ತ ಸ್ಕೋರ್‌ಶೀಟಿನ ಫೋಟೋ ಪಕ್ಕಕ್ಕಿಟ್ಟುಕೊಂಡು ಆಗ ಹೆಸರು ತುಂಬಿ. ಹೆಸರಾದವನ ಹತ್ತಿರದ ಚೆಂಡುಗಳೆಲ್ಲ "ಇಲ್ಲ" ಎಂದೂ, ಹೊಸಬನದೆಲ್ಲ "ಹೌದು" ಎಂದೂ ಬಂದಿದ್ದರೆ, ಮೂರನೇ ವೈಡ್ ಆದ ಮೇಲಿನ ಚೆಂಡುಗಳೆಲ್ಲ "ಇಲ್ಲ" ಆಗಿದ್ದರೆ, ಕೊನೆಯ ಐದು ಓವರಿನಲ್ಲಿ ಒಂದೂ "ಹೌದು" ಇಲ್ಲದಿದ್ದರೆ, ಎಲ್ಲಿ ವಾಲುತ್ತಿದ್ದೀರಿ ಎನ್ನುವುದು ಕಾಗದದ ಮೇಲೇ ಇರುತ್ತದೆ. ಪಂದ್ಯದ ವಿಡಿಯೋ ಸಿಕ್ಕರೆ ಆ ಚೆಂಡುಗಳನ್ನು ಮಾತ್ರ ತೆಗೆದು ನೋಡಿ, ಆ ವಾರದ ನೆಟ್ಸ್‌ನಲ್ಲಿ ಅದೇ ಕಡೆ, ಅಂಥದೇ ಬೌಲರ್‌ಗೆ ನಿಂತುಕೊಳ್ಳಿ.